ಸರಕು ಗೇಟಿಗೆ ಬಂದಲ್ಲಿಂದ ಹಣ ಸಂದಾಯವಾಗುವವರೆಗೆ: ಕಾರ್ಯಪ್ರಕ್ರಿಯೆಯ ನಕ್ಷೆ ಬರೆಯುವ ಬಗೆ

ಸರಬರಾಜುದಾರರ ಬಿಲ್ ಪಾವತಿ ಏಕೆ ತಡವಾಗುತ್ತಿದೆ ಎಂದು ಸಣ್ಣ ಕಾರ್ಖಾನೆಯೊಂದರಲ್ಲಿ ವಿಚಾರಿಸಿದರೆ, ಖರೀದಿ ವಿಭಾಗದವರು ಸ್ಟೋರ್‌ನತ್ತ, ಸ್ಟೋರ್‌ನವರು ಅಕೌಂಟ್ಸ್‌ನತ್ತ, ಅಕೌಂಟ್ಸ್‌ನವರು ಮಾಲೀಕರ ಸಹಿಯತ್ತ ಬೆರಳು ತೋರಿಸುವುದು ಸಾಮಾನ್ಯ. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ತಂತಮ್ಮ ಮೇಜಿನ ಕೆಲಸ ಎಲ್ಲರಿಗೂ ಗೊತ್ತು, ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಕಾಗದಕ್ಕೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ಒಂದು ಕೆಲಸ ಮೊದಲಿನಿಂದ ಕೊನೆಯವರೆಗೆ ಸಾಗುವ ಹಂತಗಳ ಚಿತ್ರವಾದ ಪ್ರಕ್ರಿಯಾ ನಕ್ಷೆ ತೋರಿಸಬೇಕಾದುದು ಮುಖ್ಯವಾಗಿ ಆ ನಡುವಿನ ಜಾಗವನ್ನೇ.

ಮೊದಲು ಎಲ್ಲೆ ಗೊತ್ತುಪಡಿಸಿಕೊಳ್ಳಬೇಕು. ಬಿಲ್ ಕೈಗೆ ಬಂದ ಕ್ಷಣವನ್ನೇ ಆರಂಭವೆಂದು ಎಣಿಸುವುದು ಅಕೌಂಟ್ಸ್ ವಿಭಾಗಕ್ಕೆ ಸಹಜ. ಆದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ, ಅಂದರೆ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣದ ಗಡುವನ್ನು ಸರಕನ್ನು ಅಂಗೀಕರಿಸಿದ ದಿನದಿಂದ ಲೆಕ್ಕ ಹಾಕಲಾಗುತ್ತದೆ. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಆದ್ದರಿಂದ ಇಲ್ಲಿ ನಕ್ಷೆ ಸರಕು ಗೇಟಿನೊಳಗೆ ಬಂದಾಗ ಶುರುವಾಗಿ, ಸರಬರಾಜುದಾರರ ಖಾತೆಗೆ ಹಣ ಜಮೆಯಾದಾಗ ಮುಗಿಯಬೇಕು. ಎಲ್ಲೆಯನ್ನು ತಪ್ಪಾಗಿ ಹಾಕಿದರೆ, ತೊಂದರೆಯ ಅರ್ಧ ಭಾಗ ನಕ್ಷೆಯ ಹೊರಗೇ ಉಳಿದುಬಿಡುತ್ತದೆ.

ಎರಡನೆಯ ಹಂತ ಮಾಹಿತಿ ಸಂಗ್ರಹ. ಕಂಪನಿಯ ಕೈಪಿಡಿಯನ್ನು ಓದಿ ನಕ್ಷೆ ಬರೆಯುವವರಿದ್ದಾರೆ. ಹಾಗೆ ಬರೆದದ್ದು ಆಡಿಟರ್‌ಗೆ ತೋರಿಸಲು ಚೆನ್ನಾಗಿರುತ್ತದೆ, ಅಷ್ಟೇ. ಅದರ ಬದಲು ಪಾವತಿಯಾದ ಕೆಲವು ಹಳೆಯ ಬಿಲ್‌ಗಳನ್ನು, ಅತ್ಯಂತ ತಡವಾದ ಒಂದೆರಡನ್ನೂ ಸೇರಿಸಿ, ಎತ್ತಿಕೊಂಡು ಅವು ಸಾಗಿದ ಹಾದಿಯಲ್ಲೇ ನಡೆಯಬೇಕು. ಕೆಲಸ ಮಾಡುವವರನ್ನು ಕೇಳುವಾಗ ‘ಇದನ್ನು ಹೇಗೆ ಮಾಡುತ್ತೀರಿ’ ಎಂದರೆ ನಿಯಮವನ್ನು ಒಪ್ಪಿಸುತ್ತಾರೆ. ‘ಕಳೆದ ಸಲ ಏನು ಮಾಡಿದಿರಿ’ ಎಂದರೆ ನಡೆದದ್ದನ್ನು ಹೇಳುತ್ತಾರೆ. ಪರ್ಚೇಸ್ ಆರ್ಡರ್ ಇಲ್ಲದೆ ಫೋನಿನಲ್ಲೇ ತರಿಸಿದ ಸರಕು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಪ್ಪಿಗೆ ಮುಂತಾದವು ಹೊರಬರುವುದು ಈ ಎರಡನೆಯ ಪ್ರಶ್ನೆಯಿಂದಲೇ.

ಕಂಡದ್ದನ್ನು ಮೊದಲು ಗೋಡೆಯ ಮೇಲೆ ಸಣ್ಣ ಚೀಟಿಗಳಲ್ಲಿ ಅಂಟಿಸಿ. ಪ್ರತಿ ಚೀಟಿಯಲ್ಲೂ ಕ್ರಿಯಾಪದವಿರಲಿ: ‘ಸರಕು ಎಣಿಸು’, ‘ದರ ತಾಳೆ ನೋಡು’. ಬರೀ ‘ಸ್ಟೋರ್’ ಎಂದು ಬರೆದರೆ ಅಲ್ಲಿ ಏನು ನಡೆಯಿತೆಂಬುದು ತಿಳಿಯುವುದಿಲ್ಲ.

ಅನಂತರ ಇದನ್ನು ಬಿಪಿಎಂಎನ್ (ಕಾರ್ಯಪ್ರಕ್ರಿಯೆಗಳನ್ನು ಚಿತ್ರಿಸುವ ಒಂದು ಚಿಹ್ನಾ ಪದ್ಧತಿ) ಸಂಕೇತಗಳಿಗೆ ಇಳಿಸಬಹುದು. 2004ರಲ್ಲಿ ಮೊದಲು ಪ್ರಕಟವಾದ ಈ ಪದ್ಧತಿಯ ಎರಡನೆಯ ಆವೃತ್ತಿ 2013ರಲ್ಲಿ ಐಎಸ್‌ಒ ಮಾನಕವೂ ಆಯಿತು. ಅದರಲ್ಲಿ ಸಂಕೇತಗಳು ಹೇರಳವಾಗಿದ್ದರೂ ಕಲಿಯುವವರಿಗೆ ಕೆಲವೇ ಸಾಕು. ತೆಳು ಅಂಚಿನ ವೃತ್ತ ಆರಂಭ, ದಪ್ಪ ಅಂಚಿನದು ಅಂತ್ಯ, ಮೂಲೆ ದುಂಡಾದ ಆಯತ ಒಂದು ಕೆಲಸ, ವಜ್ರಾಕೃತಿ ದಾರಿ ಕವಲೊಡೆಯುವ ಸ್ಥಳ. ಪ್ರತಿ ವಿಭಾಗಕ್ಕೂ ಒಂದೊಂದು ಅಡ್ಡಪಟ್ಟಿಯಿದ್ದು, ಕೆಲಸ ಯಾರದೋ ಅವರ ಪಟ್ಟಿಯಲ್ಲೇ ಆಯತ ಕೂರುತ್ತದೆ. ಬಾಣ ಪಟ್ಟಿ ದಾಟಿದಲ್ಲೆಲ್ಲ ಕೆಲಸ ಕೈ ಬದಲಾಯಿಸಿತೆಂದು ಅರ್ಥ.

ಹೊಸಬರು ಹೆಚ್ಚು ಎಡವುವುದು ವಜ್ರಾಕೃತಿಯಲ್ಲಿ. ಗುಣಾಕಾರ ಚಿಹ್ನೆಯಿದ್ದರೆ ಹಲವು ದಾರಿಗಳಲ್ಲಿ ಒಂದನ್ನು ಮಾತ್ರ ಹಿಡಿಯಬೇಕು, ಕೂಡು ಚಿಹ್ನೆಯಿದ್ದರೆ ಎಲ್ಲ ದಾರಿಗಳೂ ಒಟ್ಟಿಗೆ ಸಾಗುತ್ತವೆ. ಸ್ಟೋರ್‌ನವರು ಪ್ರಮಾಣವನ್ನೂ ಅಕೌಂಟ್ಸ್‌ನವರು ದರವನ್ನೂ ಏಕಕಾಲಕ್ಕೆ ಪರಿಶೀಲಿಸುತ್ತಾರೆನ್ನಿ. ಕೂಡು ಚಿಹ್ನೆಯಿಂದ ಕವಲೊಡೆದ ಈ ಎರಡು ದಾರಿಗಳನ್ನು ಗುಣಾಕಾರ ಚಿಹ್ನೆಯಲ್ಲಿ ಸೇರಿಸಿದರೆ, ಒಂದಕ್ಕೊಂದು ಕಾಯದೆ ಎರಡೂ ಮುಂದೆ ಹೋಗುತ್ತವೆ. ನಕ್ಷೆಯ ಲೆಕ್ಕದಲ್ಲಿ ಒಂದೇ ಬಿಲ್‌ಗೆ ಎರಡು ಸಲ ಹಣ ಹೋಗುತ್ತದೆ. ಕಾಗದದ ಮೇಲಿನ ನಕ್ಷೆಯಲ್ಲಿ ಇದು ಸಣ್ಣ ಕೈತಪ್ಪು, ಸಾಫ್ಟ್‌ವೇರ್ ಅದನ್ನೇ ಅನುಸರಿಸಿ ನಡೆಯುವಾಗ ಹಾಗಲ್ಲ.

ಕವಲುಗಳ ಮೇಲೆ ಪ್ರಶ್ನೆಯನ್ನೂ ಉತ್ತರಗಳನ್ನೂ ಬರೆಯಲೇಬೇಕು. ‘ಪ್ರಮಾಣ ಸರಿಯಿದೆಯೇ?’ ಎಂಬಲ್ಲಿ ‘ಇಲ್ಲ’ ಎಂಬ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ಹೆಚ್ಚಿನ ಕಚೇರಿಗಳಲ್ಲಿ ಮೌನವೇ ಉತ್ತರ. ಆದರೆ ಸರಕು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸದಿದ್ದರೆ, ಅದು ತಲುಪಿದ ದಿನವೇ ಅಂಗೀಕಾರದ ದಿನವೆಂದು ಕಾಯ್ದೆ ಭಾವಿಸುತ್ತದೆ. ಹೀಗಾಗಿ ಆ ದಾರಿಯಲ್ಲಿ ‘ಆಕ್ಷೇಪ ಪತ್ರ ಕಳುಹಿಸು’ ಎಂಬ ಆಯತವೂ, ಅದರ ಹೊಣೆ ಹೊತ್ತ ಪಟ್ಟಿಯೂ ಇರಲೇಬೇಕು.

ಇಷ್ಟಾದರೂ ಕಾಯುವ ಕಾಲ ನಕ್ಷೆಯಲ್ಲಿ ಕಾಣುವುದಿಲ್ಲ. ಬೇಕೆಂದೇ ಕಾಯುವುದಕ್ಕೆ ಬಿಪಿಎಂಎನ್‌ನಲ್ಲಿ ಗಡಿಯಾರದ ಚಿಹ್ನೆ ಇದೆ, ಟ್ರೇಯಲ್ಲಿ ಸುಮ್ಮನೆ ಬಿದ್ದಿರುವುದಕ್ಕೆ ಇಲ್ಲ. ಈ ವಿಷಯದಲ್ಲಿ ಹಳಬರು ಮುಂದಿದ್ದರು: ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಮುಂದಿಟ್ಟ ಪ್ರಕ್ರಿಯಾ ಪಟದಿಂದ ಬೆಳೆದ ಪದ್ಧತಿಯಲ್ಲಿ ವಿಳಂಬಕ್ಕೆಂದೇ ಪ್ರತ್ಯೇಕ ಚಿಹ್ನೆ ಇದೆ. ಅದನ್ನು ಎರವಲು ಪಡೆಯಲು ಸಂಕೋಚ ಬೇಡ. ಪ್ರತಿ ಆಯತದ ಕೆಳಗೆ ಕೆಲಸಕ್ಕೆ ತಗಲುವ ಸಮಯವನ್ನೂ, ಪಟ್ಟಿ ದಾಟುವ ಪ್ರತಿ ಬಾಣದ ಮೇಲೆ ಕಾದ ಸಮಯವನ್ನೂ ಬರೆಯಿರಿ. ಶುಕ್ರವಾರ ಮಾತ್ರ ಪಾವತಿ ಮಾಡುವ ಕಾರ್ಖಾನೆಯಲ್ಲಿ ಶನಿವಾರ ಒಪ್ಪಿಗೆ ಪಡೆದ ಬಿಲ್ ಆರು ದಿನ ಕಾಯುತ್ತದೆ. ಪಾವತಿಯ ಕೆಲಸಕ್ಕೆ ಬೇಕಾದದ್ದು ಕೆಲವೇ ನಿಮಿಷ. ಅಂಥಲ್ಲಿ ಅಕೌಂಟ್ಸ್‌ಗೆ ಇನ್ನೊಬ್ಬರನ್ನು ನೇಮಿಸುವುದಕ್ಕಿಂತ ಪಾವತಿಗೆ ವಾರದಲ್ಲಿ ಇನ್ನೊಂದು ದಿನ ಗೊತ್ತುಮಾಡುವುದು ಮೇಲು.

ನಕ್ಷೆ ಸಿದ್ಧವಾದ ಮೇಲೆ ಹೊಸ ಬಿಲ್ ಒಂದನ್ನು ಹಿಡಿದು, ಆಯಾ ಪಟ್ಟಿಯವರ ಜೊತೆ ಕೂತು, ಬೆರಳಿಟ್ಟು ಓದಿಸಬೇಕು. ತಿದ್ದುಪಡಿಯನ್ನು ಅವರ ಪೆನ್ನಿನಲ್ಲೇ ಬರೆಸಿದರೆ ಒಳ್ಳೆಯದು. ಡ್ರಾ ಡಾಟ್ ಐಒ, ಕಮುಂಡಾ ಮಾಡೆಲರ್‌ನಂಥ ಉಚಿತ ತಂತ್ರಾಂಶಗಳಲ್ಲಿ ಅಂದವಾಗಿ ಬಿಡಿಸುವ ಕೆಲಸ ಇದಾದ ಮೇಲಿನದು. ಮುಂದೆ ಹೇಗಿರಬೇಕೆಂಬ ಎರಡನೆಯ ನಕ್ಷೆಯನ್ನು ಇಂದಿನ ನಕ್ಷೆಗೆ ಎಲ್ಲರೂ ಒಪ್ಪುವವರೆಗೆ ಮುಟ್ಟಬಾರದು. ಎರಡರ ಮೇಲೂ ದಿನಾಂಕವಿರಲಿ, ಸಹಿಯ ಅಧಿಕಾರ ಅಥವಾ ಮೊತ್ತದ ಮಿತಿ ಬದಲಾದಾಗ ತಿದ್ದಬೇಕಾದವರ ಹುದ್ದೆಯೂ ಇರಲಿ.