ಮೀ ಚಾ: ಮುದ್ದೆಯಾಗುತ್ತಿದ್ದ ನೂಡಲ್ಸ್ ಸರಿಹೋದದ್ದು ಹೀಗೆ

ಕಾಂಬೋಡಿಯಾದ ಮೀ ಚಾ ಅಂದರೆ ಬಾಣಲೆಯಲ್ಲಿ ಹುರಿದ ನೂಡಲ್ಸ್; ಇಲ್ಲಿ ಅದನ್ನು ಅಕ್ಕಿ ನೂಡಲ್ಸ್, ಸಿಗಡಿ ಹಾಕಿ ಮಾಡಿದ್ದು. ನೆನೆಸುವ ಹೊತ್ತು ಬಿಟ್ಟರೆ ಹತ್ತು ನಿಮಿಷದ ಅಡುಗೆ. ಕೆಡುವುದು ಎರಡೇ ಕಡೆ: ನೂಡಲ್ಸ್ ಮುದ್ದೆಯಾಗುತ್ತದೆ, ಸಿಗಡಿ ರಬ್ಬರಾಗುತ್ತದೆ.

ನೂಡಲ್ಸ್ ತೊಂದರೆಗೆ ಕಾರಣ ಕುದಿನೀರು. ಅಕ್ಕಿ ನೂಡಲ್ಸ್ ಅದರಲ್ಲೇ ಪೂರ್ತಿ ಬೆಂದರೆ ಬಾಣಲೆಗೆ ಬಿದ್ದಾಗ ಸಾಸ್ ಹೀರಿ ಕರಗುತ್ತದೆ. ಇಬ್ಬರಿಗೆ 150 ಗ್ರಾಂ ಚಪ್ಪಟೆ ನೂಡಲ್ಸನ್ನು ತಣ್ಣೀರಲ್ಲಿ 30–40 ನಿಮಿಷ ನೆನೆಸಿ. ಬೆರಳಿಗೆ ಸುತ್ತಿದರೆ ಬಾಗಬೇಕು, ಕಚ್ಚಿದರೆ ನಡುವೆ ಇನ್ನೂ ಗಟ್ಟಿ ಇರಬೇಕು. ನೀರು ಚೆನ್ನಾಗಿ ಬಸಿಯಿರಿ.

200 ಗ್ರಾಂ ಸಿಗಡಿಯನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒದ್ದೆ ಇದ್ದರೆ ಹುರಿಯದೆ ಬೇಯುತ್ತದೆ. ದೊಡ್ಡ ಉರಿಯಲ್ಲಿ ಪ್ರತಿ ಬದಿ ಒಂದು ನಿಮಿಷ, ಅಷ್ಟೇ, ತೆಗೆದಿಡಿ. ಅರ್ಧಚಂದ್ರದಂತೆ ಬಾಗಿದರೆ ಸರಿ, ಉಂಗುರದಂತೆ ಸುತ್ತಿಕೊಂಡರೆ ಮಿತಿ ಮೀರಿದೆ.

ಅದೇ ಬಾಣಲೆಗೆ ಎಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ನೂಡಲ್ಸ್. ಫಿಶ್ ಸಾಸ್, ಆಯ್ಸ್ಟರ್ ಸಾಸ್ ತಲಾ ಒಂದು ದೊಡ್ಡ ಚಮಚ, ತಾಳೆಬೆಲ್ಲ ಒಂದು ಸಣ್ಣ ಚಮಚ. ನೂಡಲ್ಸ್ ಬಿರುಸಾದರೆ ನೀರು ಚಿಮುಕಿಸಿ. ಸಾಸ್‌ಗಳಲ್ಲೇ ಉಪ್ಪಿದೆ, ಬೇರೆ ಉಪ್ಪು ಬೇಡವೇ ಬೇಡ. ಕೊನೆಗೆ ಸಿಗಡಿ, ಈರುಳ್ಳಿ ಸೊಪ್ಪು, ಹೆಸರುಕಾಳಿನ ಉದ್ದ ಮೊಳಕೆ; ಅರ್ಧ ನಿಮಿಷ ಸಾಕು.

ಮೇಲೆ ಆಗಷ್ಟೇ ಕುಟ್ಟಿದ ಕಾಳುಮೆಣಸು, ನಿಂಬೆರಸ. ಕಾಂಬೋಡಿಯಾದಲ್ಲಿ ಕಾಂಪೋಟ್ ಪ್ರಾಂತ್ಯದ ಮೆಣಸು ಪ್ರಸಿದ್ಧ. ಅದು ಸಿಗದಿದ್ದರೆ ಮಲೆನಾಡಿನ ಮೆಣಸೂ ಸೊಗಸಾಗಿ ಒಗ್ಗುತ್ತದೆ.