ತೂಕ ಒಂದು ದಿನ, ರೇಟು ಇನ್ನೊಂದು ದಿನ

ಕಾಸರಗೋಡಿನ ಬದಿಯಡ್ಕದ ಹತ್ತಿರ, ಕೃಷಿಕರಿಂದ ಅಡಿಕೆ ಕೊಳ್ಳುವ ಒಂದು ಅಂಗಡಿಗೆ ನಾನು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇನೆ. ಪೆರ್ಲ, ಮುಳ್ಳೇರಿಯ, ಉಪ್ಪಳದಲ್ಲೂ ಅವರ ಅಂಗಡಿಗಳಿವೆ. ತೂಕ, ಗ್ರೇಡು, ಮುಂಗಡ, ಬಿಲ್ಲು, ಗೋದಾಮು, ಪಾವತಿ, ತೆರಿಗೆ ಎಲ್ಲ ಒಂದೇ ಕಡೆ ಸಿಗಬೇಕು. ಕೋಡ್ ಬರೆಯುವುದು ನಾನೊಬ್ಬನೇ. ಜೊತೆಗೆ ಎಐ ಸಹಾಯಕ.

ಮೊದಲ ಸಲ ನೇರವಾಗಿ ಕೋಡಿಗೇ ಇಳಿದೆ. ಅಡಿಕೆ ಖರೀದಿಗೆ ಬಿಲ್ಲಿಂಗ್ ಬೇಕು ಅಂತ ಎಐಗೆ ಹೇಳಿದೆ, ಅರ್ಧ ಗಂಟೆಯಲ್ಲಿ ಓಡುವ ಪರದೆ ಬಂತು. ಮೂರು ವಾರದಲ್ಲಿ 40 ಪರದೆ ಆಯಿತು. ನಾಲ್ಕನೇ ವಾರ ಗೋಣಿಯ ತೂಕ ಕಳೆಯುವ ಲೆಕ್ಕ ಮೂರು ಕಡೆ ಮೂರು ರೀತಿ ಇರುವುದು ಕಣ್ಣಿಗೆ ಬಿತ್ತು. ಒಂದು ಕಡೆ ಗೋಣಿಗೆ ಇಷ್ಟು ಗ್ರಾಂ ಅಂತ ಇತ್ತು. ಇನ್ನೊಂದು ಕಡೆ ಒಟ್ಟು ತೂಕದ ಮೇಲೆ ಶೇಕಡಾ ಲೆಕ್ಕ. ಮತ್ತೊಂದು ಕಡೆ ಕಳೆದೇ ಇರಲಿಲ್ಲ. ಮೂರನ್ನೂ ಬರೆದದ್ದು ಅದೇ ಎಐ, ಬೇರೆ ಬೇರೆ ದಿನ. ಗೋಣಿಯ ನಿಯಮ ಏನು ಅಂತ ನಾನು ಒಮ್ಮೆಯೂ ಹೇಳಿರಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ಅದು ಪ್ರತಿ ಸಲ ತನಗೆ ತೋಚಿದಂತೆ ತುಂಬಿಸಿತ್ತು. ನಾನು ಬಳಸುತ್ತಿದ್ದ ರೀತಿಯಲ್ಲಿ, ಹೊಸ ಸಂಭಾಷಣೆ ಶುರು ಮಾಡಿದಾಗ ನಿನ್ನೆ ಏನು ತುಂಬಿಸಿದ್ದೆ ಅನ್ನುವುದು ಅದಕ್ಕೆ ಗೊತ್ತಿರುತ್ತಿರಲಿಲ್ಲ. ನಾನು ಕೊಟ್ಟ ಕಡತಗಳಲ್ಲಿ ಇದ್ದದ್ದಷ್ಟೇ ಗೊತ್ತಿರುತ್ತಿತ್ತು.

ಆ ಕೋಡನ್ನು ಪೂರ್ತಿ ಬದಿಗಿಟ್ಟೆ. ಆಮೇಲಿನ ಐದು ವಾರ ಒಂದು ಸಾಲು ಕೋಡ್ ಕೂಡ ಬರೆಯಲಿಲ್ಲ.

ಮೊದಲ ವಾರ ಅಂಗಡಿಯಲ್ಲಿ ಲೆಕ್ಕ ಬರೆಯುವ ಮಾವನ ಪಕ್ಕ ಕುಳಿತೆ. ಮೂವತ್ತು ವರ್ಷದಿಂದ ಅವರೇ ಬರೆಯುವುದು. ನಾನು ಪೇಪರಿನಲ್ಲಿ ಖರೀದಿಯ ಚಿತ್ರ ಬಿಡಿಸಿ ತೋರಿಸಿದೆ: ತೂಕ, ಅದಕ್ಕೆ ರೇಟು ಗುಣಿಸು, ಬಿಲ್ಲು. ಅವರು ನೋಡಿ, "ತೂಕ ಆದ ಕೂಡಲೇ ರೇಟು ಆಯ್ತು ಅಂತ ನಿನಗೆ ಯಾರು ಹೇಳಿದ್ದು ಮಾರಾಯ?" ಅಂದರು.

ಆ ಅಂಗಡಿಗೆ ಬಹಳ ಕೃಷಿಕರು ಅಡಿಕೆ ತಂದು ತೂಗಿಸಿ ಇಟ್ಟು ಹೋಗುತ್ತಾರೆ. ಮುಂಗಡ ಸ್ವಲ್ಪ ತೆಗೆದುಕೊಳ್ಳುತ್ತಾರೆ. ರೇಟು ಏರಿದಾಗ ಫೋನ್ ಮಾಡಿ "ಇವತ್ತಿನ ರೇಟಿಗೆ ಅರ್ಧ ಹಾಕಿ" ಅನ್ನುತ್ತಾರೆ. ಅಂದರೆ ತೂಕ ಒಂದು ಘಟನೆ, ರೇಟು ಹಾಕುವುದು ಇನ್ನೊಂದು ಘಟನೆ. ನಡುವೆ ಎರಡು ತಿಂಗಳು ಕೂಡ ಇರಬಹುದು. ಒಂದು ತೂಕಕ್ಕೆ ಮೂರು ಸಲ ರೇಟು ಹಾಕಿಸುವವರೂ ಇದ್ದಾರೆ. ನನ್ನ ಹಳೆಯ 40 ಪರದೆಗಳಲ್ಲಿ ಎರಡೂ ಒಂದೇ ಸಾಲಿನಲ್ಲಿದ್ದವು. ಆ ಒಂದು ತಪ್ಪಿನಿಂದ ಗೋದಾಮಿನ ಲೆಕ್ಕ, ಮುಂಗಡ, ಬಾಕಿ ಎಲ್ಲ ಸೊಟ್ಟಗಾಗುತ್ತಿತ್ತು. ಇಂಥದ್ದನ್ನು ಎಐ ತಾನಾಗಿ ಹೇಳಲಾರದು. ಇದು ಮಾವನ ತಲೆಯಲ್ಲಿ ಮಾತ್ರ ಇತ್ತು.

ಹಾಗಾಗಿ ವಿನ್ಯಾಸದ ಮೊದಲ ಕಡತ ಪದಗಳದ್ದೇ ಆಯಿತು. ಹಳತು, ಹೊಸತು, ಪಟೋರ, ಉಳ್ಳಿ, ಕೋಕ, ಕರಿಗೋಟು, ಇವೆಲ್ಲ ಅಡಿಕೆಯ ಬಗೆಗಳು. ಇಟ್ಟ ಅಡಿಕೆ, ರೇಟು ಹಾಕಿದ ಅಡಿಕೆ. ಪ್ರತಿ ಪದಕ್ಕೂ ಎರಡು ಸಾಲಿನ ಅರ್ಥ, ಕೋಡಿನಲ್ಲಿ ಅದಕ್ಕೆ ಇರುವ ಒಂದೇ ಒಂದು ಹೆಸರು. ಮೊದಲಿನ ಕೋಡಿನಲ್ಲಿ ಗೋಣಿಗೆ ನಾಲ್ಕು ಹೆಸರು ಇತ್ತು. ಹೆಸರು ಒಂದೇ ಆದ ಮೇಲೆ ಎಐ ಬರೆಯುವ ಕೋಡ್ ಎಷ್ಟು ನೇರ ಆಯಿತು ಅಂದರೆ, ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ ಅಂತ ಯಾರಿಗಾದರೂ ಹೇಳುತ್ತೇನೆ.

ಕೃಷಿಕರ ಹೆಸರಿನ ವಿಷಯ ನಮ್ಮ ಕಾಸರಗೋಡಿನಲ್ಲಿ ಬೇರೆಯೇ ಕಷ್ಟ. ಒಬ್ಬರೇ ಮನುಷ್ಯ. ಆಧಾರಿನಲ್ಲಿ ಇಂಗ್ಲಿಷ್, ರೇಷನ್ ಕಾರ್ಡಿನಲ್ಲಿ ಮಲಯಾಳ, ಸಹಿ ಕನ್ನಡದಲ್ಲಿ. ಮೂರರಲ್ಲೂ ಹೆಸರು ಸ್ವಲ್ಪ ಬೇರೆ. ಅದರ ಮೇಲೆ ಯುನಿಕೋಡಿನ, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಪದ್ಧತಿಯ, ತೊಂದರೆ ಇದೆ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರ ಇಲ್ಲದೆ ನಿಲ್ಲುವ ವ್ಯಂಜನಗಳು) 2008ರಲ್ಲಿ, ಯುನಿಕೋಡ್ 5.1ರಲ್ಲಿ, ಪ್ರತ್ಯೇಕ ಸಂಕೇತ ಬಂತು. ಅದಕ್ಕೂ ಮೊದಲು ಅಕ್ಷರ, ಸ್ವರ ತೆಗೆಯುವ ಚಂದ್ರಕ್ಕಲ ಚಿಹ್ನೆ, ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ ಸೇರಿಸಿ ಬರೆಯುತ್ತಿದ್ದರು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದು ಮಾಡಲು ಯುನಿಕೋಡಿನಲ್ಲಿ ಇರುವ ಸಾಮಾನ್ಯ ಕ್ರಮ ಕೂಡ ಇವನ್ನು ಒಂದು ಮಾಡುವುದಿಲ್ಲ. ಹಳೆಯ ಪಟ್ಟಿಯಿಂದ ಹೆಸರು ತಂದಾಗ ಒಬ್ಬರೇ ಇಬ್ಬರಾಗಿದ್ದು ಹೀಗೆ. ಅದಕ್ಕೆ ನಾನು ಪ್ರತಿ ಕೃಷಿಕರಿಗೂ ಹೆಸರಿಗೆ ಸಂಬಂಧವಿಲ್ಲದ ಒಂದು ನಂಬರು ಇಟ್ಟೆ. ಹೆಸರುಗಳನ್ನು ಬೇರೆ ಕೋಷ್ಟಕಕ್ಕೆ ಹಾಕಿದೆ, ಪ್ರತಿಯೊಂದಕ್ಕೂ ಯಾವ ಲಿಪಿ, ಯಾವ ದಾಖಲೆಯಿಂದ ಬಂದದ್ದು ಅನ್ನುವ ಗುರುತು. ಇದನ್ನು ಮೊದಲೇ ತೀರ್ಮಾನಿಸದೆ ಇದ್ದರೆ ಆಮೇಲೆ ಬದಲಾಯಿಸುವುದು ಭಾರಿ ಕಷ್ಟ, ಏಕೆಂದರೆ ಎಲ್ಲ ಬಿಲ್ಲುಗಳೂ ಕೃಷಿಕರ ಆ ಗುರುತಿಗೇ ಅಂಟಿಕೊಂಡಿರುತ್ತವೆ.

ಎರಡನೇ ಕಡತ ಮುರಿಯಬಾರದ ನಿಯಮಗಳದ್ದು. ದುಡ್ಡು ಪೈಸೆಯಲ್ಲಿ, ತೂಕ ಗ್ರಾಮಿನಲ್ಲಿ, ಎರಡೂ ಪೂರ್ಣಾಂಕ. ಕಂಪ್ಯೂಟರು ದಶಾಂಶ ಸಂಖ್ಯೆಯನ್ನು ಸುಮಾರಾಗಿ ಇಡುವ ಫ್ಲೋಟ್ ಬಳಸಿದರೆ 0.1ಕ್ಕೆ 0.2 ಕೂಡಿಸಿದಾಗ ಸರಿಯಾಗಿ 0.3 ಬರುವುದಿಲ್ಲ ಅಲ್ವಾ, ಅದು ಬಾಕಿಯಲ್ಲಿ ಜಗಳ ತರುತ್ತದೆ. ಬರೆದ ಲೆಕ್ಕ ಅಳಿಸುವಂತಿಲ್ಲ, ತಪ್ಪಾದರೆ ಎದುರು ಲೆಕ್ಕ ಬರೆಯಬೇಕು. ಮಳೆಗಾಲದಲ್ಲಿ ಪೆರ್ಲದಲ್ಲಿ ಕರೆಂಟು, ನೆಟ್ ಎರಡೂ ಹೋಗುತ್ತದೆ. ಆದ್ದರಿಂದ ಬಿಲ್ಲು ನಂಬರು ಪ್ರತಿ ಅಂಗಡಿಗೆ ಬೇರೆ ಸರಣಿ. ಬಿಲ್ಲಿನ ಗುರುತಿನ ಸಂಖ್ಯೆ ಅಂಗಡಿಯಲ್ಲೇ ಹುಟ್ಟಬೇಕು, ನೆಟ್ ಬಂದಾಗ ಅದೇ ಬಿಲ್ಲು ಎರಡು ಸಲ ಬಂದರೂ ಒಂದೇ ಸಲ ಸೇರಬೇಕು.

ಇನ್ನು ಕೋಡನ್ನು ಭಾಗ ಮಾಡುವುದು. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲೇ ಹೇಳಿದ ಮಾತು ನನಗೆ ಇಲ್ಲಿ ಕೆಲಸಕ್ಕೆ ಬಂತು: ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಭಾಗದೊಳಗೆ ಅಡಗಿಸಿ ಇಡಬೇಕು. ತೆರಿಗೆ ಬದಲಾಗುತ್ತದೆ. ಒಣ ಅಡಿಕೆಗೆ ಶೇ. 5 ಜಿಎಸ್‌ಟಿ ಅನ್ನುವುದು ಒಂದೇ ಕೋಷ್ಟಕದಲ್ಲಿ, ಯಾವ ದಿನದಿಂದ ಅನ್ನುವುದರ ಜೊತೆ ಇದೆ. ಗ್ರೇಡು, ಗೋಣಿ ನಿಯಮ, ರಸೀದಿಯ ಭಾಷೆ ಹಾಗೆಯೇ. ಎಐ ಜೊತೆ ಕೆಲಸ ಮಾಡುವವರಿಗೆ ಇದರಿಂದ ಇನ್ನೊಂದು ಲಾಭ ಇದೆ. ಒಂದು ಭಾಗದ ಕೆಲಸ ಕೊಡುವಾಗ ಆ ಭಾಗ, ಪಕ್ಕದ ಭಾಗಗಳ ಬಾಗಿಲು (ಅವು ಏನು ಪಡೆದು ಏನು ಕೊಡುತ್ತವೆ ಅನ್ನುವುದು), ಪದಗಳ ಕಡತ, ನಿಯಮಗಳ ಕಡತ ಇಷ್ಟು ಕೊಟ್ಟರೆ ಸಾಕು. ಅದು ಒಮ್ಮೆಗೆ ಓದಿ ನೆನಪಿಡುವುದಕ್ಕೆ ಮಿತಿ ಇದೆ. ಪೂರ್ತಿ ಕೋಡ್ ಸುರಿದರೆ ಮುಖ್ಯ ನಿಯಮವೇ ಎಲ್ಲೋ ಮುಳುಗಿ ಹೋಗುತ್ತದೆ.

ಯೋಜನೆಯ ಹೊತ್ತಿನಲ್ಲೂ ಎಐ ಬಳಸಿದೆ, ಬೇರೆ ರೀತಿ. "ಕೋಡ್ ಬರೆಯಬೇಡ. ನಾನು ಹೇಳದೆ ಬಿಟ್ಟದ್ದೇನು ಅಂತ ಕೇಳು" ಅಂದೆ. 60ಕ್ಕೂ ಜಾಸ್ತಿ ಪ್ರಶ್ನೆ ಬಂತು. ಕೆಲವು ಸುಮ್ನೆ ಕೇಳಿದಂತಿದ್ದವು. 11 ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮುಂಗಡ ಪಡೆದವರು ತೀರಿಹೋದರೆ ಇಟ್ಟ ಅಡಿಕೆ ಯಾರ ಹೆಸರಿಗೆ? ಇದನ್ನು ಮಾವನಿಗೆ ಕೇಳಿದಾಗ ಅವರು ಕನ್ನಡಕ ತೆಗೆದಿಟ್ಟು ಒಂದು ಗಂಟೆ ಮಾತಾಡಿದರು. ಬರೆದ ಯೋಜನೆಯನ್ನು ಹಿಂದಿನ ಮಾತು ಏನೂ ಗೊತ್ತಿಲ್ಲದ ಹೊಸ ಸಂಭಾಷಣೆಗೆ ಕೊಟ್ಟು, ಎಲ್ಲಿ ಒಂದಕ್ಕೊಂದು ತಾಳೆ ಆಗುವುದಿಲ್ಲ ಅಂತಲೂ ಕೇಳಿದೆ. ಹಳೆಯ ಸಂಭಾಷಣೆ ನನ್ನ ಮಾತಿಗೆ ತಲೆಯಾಡಿಸಿದ್ದೇ ಹೆಚ್ಚು. ಹೊಸದು ಎರಡು ದೊಡ್ಡ ತಪ್ಪು ಹಿಡಿಯಿತು.

ಕೊನೆಯ ವಾರ ಹಳೆಯ ಲೆಕ್ಕದ ಪುಸ್ತಕಗಳಿಂದ ತೊಡಕಿನ 30 ಬಿಲ್ಲು ಆರಿಸಿದೆವು. ಹೆಸರು ತೆಗೆದು, ಅಂಕಿ ಮಾತ್ರ ಇಟ್ಟು, ಅವನ್ನೇ ಪರೀಕ್ಷೆ ಮಾಡಿದೆವು. ಉತ್ತರ ಮಾವನ ಕೈಬರಹದ್ದು. ಎಐ ಬರೆದ ಕೋಡ್ ಪೈಸೆ ಪೈಸೆಗೆ ಅದೇ ಉತ್ತರ ಕೊಡಬೇಕು, ಇಲ್ಲದಿದ್ದರೆ ಸೇರಿಸುವುದಿಲ್ಲ. ಮೊದಲು ಒಂದು ಅಂಗಡಿ, ಒಂದು ಗ್ರೇಡು, ತೂಕದಿಂದ ಪಾವತಿವರೆಗೆ. ಅದು ಸರಿಯಾದ ಮೇಲೆ ಉಳಿದದ್ದು.

ತೀರ್ಮಾನ ಆಗದ ವಿಷಯಗಳನ್ನೂ ಯೋಜನೆಯಲ್ಲೇ ಬರೆದಿದ್ದೇನೆ: "ಇದು ಇನ್ನೂ ನಿರ್ಧಾರ ಆಗಿಲ್ಲ, ಇಲ್ಲಿ ನಿಲ್ಲಿಸಿ ನನ್ನನ್ನು ಕೇಳು." ಎಐ ಎರಡು ಸಲ ನಿಜವಾಗಿಯೂ ನಿಂತು ಕೇಳಿತು. ಆ ದಿನ ನನಗೆ ಬಹಳ ಖುಷಿಯಾಯಿತು.

ಈಗ ಹಸಿ ಕೊಕ್ಕೊ ಖರೀದಿ ಸೇರಿಸಬೇಕಾಗಿದೆ. ಹಸಿ ಬೀಜ ಇಟ್ಟರೆ ಹಾಳಾಗುತ್ತದೆ, ಇಟ್ಟು ಹೋಗುವ ಪದ್ಧತಿ ಇಲ್ಲ, ಅಂದೇ ತೂಕ, ಅಂದೇ ರೇಟು. ಎರಡು ಘಟನೆಗಳೂ ಹಾಗೇ ಉಳಿಯಲಿ, ಒಂದೇ ದಿನ ನಡೆಯಲಿ ಅಂತ ನನ್ನ ಲೆಕ್ಕ. ಭಾನುವಾರ ಮಾವನಿಗೆ ತೋರಿಸಬೇಕು.