ಲೋಡ್ ಬಿದ್ದಾಗ ಮಾತ್ರ ಬರುತ್ತಿದ್ದ ಸುಟ್ಟ ವಾಸನೆ: ಮಿನಿ ಟ್ರ್ಯಾಕ್ಟರ್‌ನಲ್ಲಿ ಮೂಲ ಹುಡುಕಿದ ನನ್ನ ಅನುಭವ

ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಬೇಸಿಗೆ ಎಂದರೆ ಕೆರೆ ಗೋಡು (ಕೆರೆಯ ಹೂಳುಮಣ್ಣು) ಹೊಡೆಯುವ ಕಾಲ. ಕೆರೆಯಂಗಳದಿಂದ ಗೋಡು ತುಂಬಿಕೊಂಡು ಏರಿ ಹತ್ತಬೇಕು, ಆಚೆ ಕಡೆ ಇಳಿಯಬೇಕು, ಮತ್ತೆ ತೋಟದ ಸಾಲುಗಳ ನಡುವೆ ತಿರುಗಬೇಕು. 9 ಅಡಿ ಅಂತರದ ಸಾಲಿನಲ್ಲಿ ದೊಡ್ಡ ಟ್ರ್ಯಾಕ್ಟರ್ ಆಟ ನಡೆಯುವುದಿಲ್ಲವಾದ್ದರಿಂದ ನನ್ನ ಹತ್ತಿರ ಇರುವುದು 22 ಎಚ್‌ಪಿ ಮಿನಿ ಟ್ರ್ಯಾಕ್ಟರ್. ಖಾಲಿ ಓಡಿಸಿದರೆ ಏನೂ ಇಲ್ಲ. ಗೋಡು ತುಂಬಿದ ಟ್ರೇಲರ್ ಎಳೆಯುವಾಗ ಸ್ವಲ್ಪ ಹೊತ್ತಿಗೆ ಸೀಟಿನ ಕೆಳಗಿನಿಂದ ಸುಟ್ಟ ವಾಸನೆ ಏಳುತ್ತಿತ್ತು. ತೋಟದೊಳಗೆ ರೋಟವೇಟರ್ ಹೊಡೆಯುವಾಗಲೂ ಅದೇ ವಾಸನೆ.

ಮೆಕ್ಯಾನಿಕ್ ಬಂದು ಮೂಗಿಟ್ಟು ನೋಡಿ, ‘ಕ್ಲಚ್ ಪ್ಲೇಟ್ ಹೋಗೈತಣ್ಣ, ಗಾಡಿ ಎರಡು ಮಾಡಬೇಕು’ ಎಂದ. ಅವನ ಮೂಗು ಸರಿಯಾಗೇ ಹೇಳಿತ್ತು, ಅದು ಲೈನಿಂಗ್ (ಉಜ್ಜಿ ಹಿಡಿತ ಕೊಡುವ ಪದರ) ಸುಟ್ಟ ವಾಸನೆಯೇ. ಆದರೆ ಕ್ಲಚ್ ಪ್ಲೇಟ್ ಹಾಕಲು ಎಂಜಿನ್ನನ್ನು ಗೇರ್‌ಬಾಕ್ಸ್‌ನಿಂದ ಬೇರ್ಪಡಿಸಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಸಂಗತಿ ಖಚಿತವಾಗಲಿ ಎಂದು ತಡೆದೆ: ‘ಲೋಡ್’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಎಷ್ಟು ಕೆಲಸಗಳು ಸೇರಿಕೊಂಡಿವೆ? ಎಂಜಿನ್ ಹೆಣಗುತ್ತದೆ, ಕ್ಲಚ್ ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುತ್ತದೆ, ಪಿಟಿಓ (ಪಂಪ್, ರೋಟವೇಟರ್‌ಗಳನ್ನು ತಿರುಗಿಸುವ ಹಿಂದಿನ ಶಾಫ್ಟ್) ತಿರುಗುತ್ತದೆ, ಹೈಡ್ರಾಲಿಕ್ ಎತ್ತುತ್ತದೆ, ಬ್ರೇಕ್ ಹಿಡಿಯುತ್ತದೆ. ಇವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ವಾಸನೆ ಯಾವುದರ ಜೊತೆ ಬರುತ್ತದೆ ಎಂಬುದು ತಾನೇ ತಿಳಿಯುತ್ತದೆ.

ಮೊದಲು ಬೇರೆ ವಾಸನೆಗಳ ಸಾಧ್ಯತೆ ತಳ್ಳಿಹಾಕಿದೆ. ಸಿಹಿ ಮಿಶ್ರಿತ ಆವಿಯ ವಾಸನೆಯಾದರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ). ರೇಡಿಯೇಟರ್ ಜಾಲರಿಗೆ ಹೊಟ್ಟು, ಧೂಳು ಕಟ್ಟಿಕೊಂಡಿದೆಯೇ, ಹೋಸ್ ಸೋರುತ್ತಿದೆಯೇ ನೋಡಬೇಕು, ಬಿಸಿಯಲ್ಲಿ ಮಾತ್ರ ಮುಚ್ಚಳ ತೆಗೆಯಲೇಬಾರದು. ಕೊಳೆತ ಮೊಟ್ಟೆಯ ವಾಸನೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿರುವುದರ ಸೂಚನೆ. ಗೇರ್ ಆಯಿಲ್ ಬಿಸಿಯಾದರೂ ಗಂಧಕದ ಘಾಟು ಬರುತ್ತದೆ, ಏಕೆಂದರೆ ಅದರಲ್ಲಿ ಗಂಧಕ ಇರುವ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಅಡಿಕೆ ತೋಟದಲ್ಲಿ ಇನ್ನೊಂದಿದೆ. ಒಣ ಸೋಗೆಯ ಚೂರು ಸೈಲೆನ್ಸರ್ ಮೇಲೆ ಬಿದ್ದು ಹೊಗೆಯಾಡುತ್ತದೆ. ಇದನ್ನು ಹಗುರವಾಗಿ ಕಾಣಬಾರದು, ಬೇಸಿಗೆಯಲ್ಲಿ ಗಾಡಿಗೇ ಬೆಂಕಿ ಹತ್ತಿಸಬಲ್ಲದು. ನನ್ನದು ಇವ್ಯಾವುವೂ ಆಗಿರಲಿಲ್ಲ.

ಇನ್ನು ಕ್ಲಚ್. ಪೆಡಲ್‌ನ ಫ್ರೀ ಪ್ಲೇ (ಹಿಡಿತ ಸಿಗುವ ಮುಂಚೆ ಪೆಡಲ್ ಸಡಿಲವಾಗಿ ಚಲಿಸುವ ದೂರ) ಅಳೆದೆ, ಮ್ಯಾನ್ಯುಯಲ್ ಹೇಳಿದಷ್ಟೇ ಇತ್ತು. ಕ್ಲಚ್ ಹೌಸಿಂಗ್‌ನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದಕ್ಕೊಂದು ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ಅಲ್ಲಿಂದ ಕಪ್ಪು ಎಣ್ಣೆ ತೊಟ್ಟಿಕ್ಕಿದರೆ ಎಂಜಿನ್ ಕಡೆಯ ಸೀಲ್ ಹೋಗಿದೆ, ಜೇನಿನ ಬಣ್ಣದ್ದಾದರೆ ಗೇರ್‌ಬಾಕ್ಸ್ ಕಡೆಯದು. ಎಣ್ಣೆ ಹತ್ತಿದ ಪ್ಲೇಟ್ ಜಾರಿ ಸುಡುತ್ತದೆ. ನನ್ನದರಲ್ಲಿ ಒಣಗಿತ್ತು. ಆಮೇಲೆ ಮುಂದೆ ಜನ ಇಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಎರಡೂ ಬ್ರೇಕ್ (ಎಡ, ಬಲ ಚಕ್ರಕ್ಕೆ ಬೇರೆ ಬೇರೆ ಪೆಡಲ್ ಇರುತ್ತದೆ) ಗಟ್ಟಿಯಾಗಿ ಒತ್ತಿ, ದೊಡ್ಡ ಗೇರ್ ಹಾಕಿ, ಕ್ಲಚ್ ಬಿಟ್ಟೆ. ಎಂಜಿನ್ ಗಕ್ಕನೆ ಆಫ್ ಆಯಿತು. ಪ್ಲೇಟ್ ಜಾರುತ್ತಿದ್ದರೆ ಎಂಜಿನ್ ಓಡುತ್ತಲೇ ಇರಬೇಕಿತ್ತು. ಈ ಪರೀಕ್ಷೆಯನ್ನು ಪದೇ ಪದೇ ಮಾಡಬಾರದು, ಒಳ್ಳೆಯ ಪ್ಲೇಟೂ ಹಾಳಾಗುತ್ತದೆ.

ಈಗ ಲೋಡ್ ಬಿಡಿಸುವ ಕೆಲಸ. ಗಾಡಿಯನ್ನು ನಿಂತಲ್ಲೇ ನಿಲ್ಲಿಸಿ ಪಿಟಿಓಗೆ ಪಂಪ್ ಜೋಡಿಸಿ ಬಾವಿಯ ನೀರೆತ್ತಿಸಿದೆ. ಎಂಜಿನ್ ಚೆನ್ನಾಗಿ ಬಿಸಿಯಾಯಿತು, ವಾಸನೆ ಇಲ್ಲ. ತುಂಬಿದ ಟ್ರೇಲರ್ ಕಟ್ಟಿಕೊಂಡು ಮಟ್ಟಸವಾದ ಖಾಲಿ ದಾರಿಯಲ್ಲಿ ನಿಧಾನಕ್ಕೆ, ಬ್ರೇಕ್ ಮುಟ್ಟುವ ಸಂದರ್ಭವೇ ಬಾರದಂತೆ ಓಡಿಸಿದೆ. ಆಗಲೂ ಇಲ್ಲ. ಎಳೆತವೂ ಇತ್ತು, ಭಾರವೂ ಇತ್ತು, ವಾಸನೆ ಮಾತ್ರ ಇರಲಿಲ್ಲ! ಏರಿ ಹತ್ತಿ ಇಳಿದು ಬಂದ ಮೇಲೆ ನೋಡಿದರೆ ಹಾಜರ್. ಹಾಗಾದರೆ ಹತ್ತುವುದಕ್ಕಿಂತ ಇಳಿಯುವುದರ ಕಡೆ ಗಮನ ಕೊಡಬೇಕಿತ್ತು. ಇಳಿಯುವಾಗ ಬ್ರೇಕ್ ಒತ್ತುತ್ತೇವೆ. ರೋಟವೇಟರ್ ಹೊಡೆಯುವಾಗಲೂ ಅಷ್ಟೇ, ಪ್ರತಿ ಸಾಲಿನ ತುದಿಯಲ್ಲಿ ಒಂದು ಕಡೆಯ ಬ್ರೇಕ್ ಒತ್ತಿಯೇ ಗಿರಕ್ಕನೆ ತಿರುಗಿಸುವುದು. ತೋಟದ ವಿನ್ಯಾಸದಿಂದಾಗಿ ನಾನು ಹೆಚ್ಚಾಗಿ ಬಲಕ್ಕೇ ತಿರುಗುತ್ತೇನೆ. ಭಾರದ ಕೆಲಸ ಇದ್ದಲ್ಲೆಲ್ಲ ಬ್ರೇಕ್ ಕೆಲಸವೂ ಇತ್ತು, ಅದಕ್ಕೇ ವಾಸನೆ ಲೋಡಿನದೆಂದು ಕಾಣುತ್ತಿತ್ತು.

ಇಲ್ಲಿ ಟ್ರ್ಯಾಕ್ಟರ್‌ನ ರಚನೆ ತಿಳಿದಿರಬೇಕು. ಕಾರಿನ ಬ್ರೇಕ್ ಚಕ್ರದಲ್ಲೇ ಇರುತ್ತದೆ. ನನ್ನ ಗಾಡಿಯಂಥ ಡ್ರೈ ಡಿಸ್ಕ್ ಬ್ರೇಕ್‌ನ ಟ್ರ್ಯಾಕ್ಟರ್‌ಗಳಲ್ಲಿ ಅದು ಡಿಫರೆನ್ಷಿಯಲ್‌ನ (ಎರಡೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಪಕ್ಕ, ಸೀಟಿನ ಇಕ್ಕೆಲದ ಹೌಸಿಂಗ್‌ನಲ್ಲಿರುತ್ತದೆ. ಹೀಗಾಗಿ ಚಕ್ರ ಮುಟ್ಟಿ ನೋಡಿದರೆ ತಣ್ಣಗೇ ಇರುತ್ತದೆ. ಬ್ರೇಕ್ ಸುಟ್ಟರೂ ಕ್ಲಚ್ ಸುಟ್ಟರೂ ವಾಸನೆ ಬರುವುದು ಕಾಲಬುಡದಿಂದಲೇ, ಸುಡುವ ವಸ್ತುವೂ ಹೆಚ್ಚು ಕಡಿಮೆ ಒಂದೇ. ಮೆಕ್ಯಾನಿಕ್ ಕ್ಲಚ್ ಎಂದದ್ದರಲ್ಲಿ ಆಶ್ಚರ್ಯವಿಲ್ಲ.

ಏರಿ ಇಳಿದ ತಕ್ಷಣ ಗಾಡಿ ನಿಲ್ಲಿಸಿ ಎರಡೂ ಹೌಸಿಂಗ್ ಮೇಲೆ ನೀರು ಚಿಮುಕಿಸಿದೆ. ಎಡಗಡೆ ನೀರು ಸುಮ್ಮನೆ ಹರಿದು ಹೋಯಿತು. ಬಲಗಡೆ ಚುಂಯ್ ಎಂದು ಆವಿಯಾಯಿತು, ಅಂದರೆ 100 ಡಿಗ್ರಿ ದಾಟಿತ್ತು. ಮನೆಗೆ ಬಂದು ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಒಂದೊಂದೇ ಹಿಂದಿನ ಚಕ್ರವನ್ನು ಜಾಕ್ ಮೇಲೆತ್ತಿ ಸ್ಟ್ಯಾಂಡ್ ಕೊಟ್ಟೆ. ತಮ್ಮನಿಗೆ ಬ್ರೇಕ್ ಒತ್ತಿ ಬಿಡಲು ಹೇಳಿ ಚಕ್ರ ತಿರುಗಿಸಿದೆ. ಎಡದ್ದು ಬಿಟ್ಟ ಕೂಡಲೇ ಸಲೀಸಾಯಿತು. ಬಲದ್ದು ಪೆಡಲ್ ಮೇಲೆ ಬಂದರೂ ಹಿಡಿದೇ ಇತ್ತು.

ಬಲಗಡೆ ಹೌಸಿಂಗ್ ಬಿಚ್ಚಿದಾಗ ಎಲ್ಲ ಕಣ್ಣೆದುರಿಗೆ ಬಂತು. ಈ ಬ್ರೇಕ್‌ನಲ್ಲಿ ಎರಡು ಲೈನಿಂಗ್ ಡಿಸ್ಕ್‌ಗಳ ನಡುವೆ ಜೋಡಿ ಪ್ಲೇಟಿನ ಆಕ್ಚುಯೇಟರ್ ಇರುತ್ತದೆ. ಪ್ಲೇಟುಗಳ ಇಳಿಜಾರು ಗುಳಿಗಳಲ್ಲಿ ಉಕ್ಕಿನ ಗುಂಡುಗಳಿವೆ. ಪೆಡಲ್ ಒತ್ತಿದಾಗ ಪ್ಲೇಟುಗಳು ತುಸು ತಿರುಗಿ, ಗುಂಡುಗಳು ಗುಳಿ ಹತ್ತಿ, ಪ್ಲೇಟುಗಳು ಅಗಲವಾಗಿ ಡಿಸ್ಕ್‌ಗಳನ್ನು ಒತ್ತುತ್ತವೆ. ತಿರುಗುವ ಡಿಸ್ಕೇ ಪ್ಲೇಟನ್ನು ಇನ್ನಷ್ಟು ಎಳೆಯುವುದರಿಂದ ಹಿಡಿತ ತಾನೇ ಹೆಚ್ಚುತ್ತದೆ. ಬಿಡಿಸಲು ಇರುವುದು ಸ್ಪ್ರಿಂಗ್‌ಗಳು ಮಾತ್ರ. ನನ್ನ ಗಾಡಿಯಲ್ಲಿ ಗುಂಡುಗಳಿಗೆ ತುಕ್ಕು ಹಿಡಿದಿತ್ತು, ಸ್ಪ್ರಿಂಗ್‌ಗಳು ಶಾಖಕ್ಕೆ ಸೊರಗಿದ್ದವು. ಬ್ರೇಕ್ ಕಡ್ಡಿ ಒಳಹೋಗುವಲ್ಲಿ ಇರುವ ರಬ್ಬರ್ ಬೂಟ್ ಹರಿದು, ಕೆರೆಯ ಕೆಸರು, ಗಾಡಿ ತೊಳೆದ ನೀರು ಒಳಗೆ ಸೇರಿದ್ದವು. ಲೈನಿಂಗ್ ಅಂಚು ಕರಕಲಾಗಿ, ಮೈ ಗಾಜಿನಂತೆ ಹೊಳೆಯುತ್ತಿತ್ತು.

ಬಿಚ್ಚುವವರಿಗೆ ಒಂದು ಮಾತು: ಒಳಗಿನ ಪುಡಿಯನ್ನು ಬಾಯಿಂದಾಗಲೀ ಏರ್ ಪೈಪಿನಿಂದಾಗಲೀ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಮೂಗಿಗೆ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಗುಂಡು, ಸ್ಪ್ರಿಂಗ್, ಲೈನಿಂಗ್ ಡಿಸ್ಕ್, ರಬ್ಬರ್ ಬೂಟ್ ಹೊಸದು ಹಾಕಿಸಿದೆ. ಗುಳಿಗಳನ್ನು ಎಮರಿ ಕಾಗದದಿಂದ ಉಜ್ಜಿ ನುಣುಪು ಮಾಡಿದೆ. ಎಡಗಡೆಗೂ ಹೊಸದನ್ನೇ ಹಾಕಿಸಿದೆ, ಅದರಲ್ಲಿ ಜುಗ್ಗತನ ಬೇಡ. ಒಂದು ಕಡೆ ಹೊಸ ಲೈನಿಂಗ್, ಒಂದು ಕಡೆ ಸವೆದದ್ದು ಇದ್ದರೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಒಂದೇ ಕಡೆ ಎಳೆಯುತ್ತದೆ. ಹಿಂದೆ ತುಂಬಿದ ಟ್ರೇಲರ್ ಇದ್ದು ಕೆರೆ ಏರಿಯ ಮೇಲೆ ಹಾಗಾದರೆ ಉಳಿಯುವುದು ಕಷ್ಟ. ಅದಕ್ಕೇ ಎರಡೂ ಪೆಡಲ್‌ನ ಫ್ರೀ ಪ್ಲೇ ಸಮ ಮಾಡಿಕೊಂಡೆ. ತೋಟದಿಂದ ಹೊರಬಂದ ಕೂಡಲೇ ಎರಡೂ ಪೆಡಲ್ ಒಟ್ಟಿಗೇ ಒತ್ತುವಂತೆ ಅವುಗಳ ಚಿಲಕ ಜೋಡಿಸುತ್ತೇನೆ.

ಮತ್ತೆ ಗೋಡು ತುಂಬಿ ಏರಿ ಇಳಿದು ನೀರು ಚಿಮುಕಿಸಿದಾಗ ಎರಡೂ ಕಡೆ ಒಂದೇ ರೀತಿ ಹರಿದು ಹೋಯಿತು. ಇನ್ನೊಂದನ್ನು ನಾನು ನಿರೀಕ್ಷಿಸಿರಲಿಲ್ಲ: ಏರಿ ಹತ್ತುವಾಗ ಗಾಡಿ ಮೊದಲಿಗಿಂತ ಒಂದು ಗೇರ್ ಹೆಚ್ಚಿನಲ್ಲೇ ಎಳೆಯುತ್ತಿದೆ. ಇಷ್ಟು ದಿನ ಎಂಜಿನ್ ಟ್ರೇಲರ್ ಜೊತೆ ಆ ಬ್ರೇಕನ್ನೂ ಎಳೆದುಕೊಂಡು ಹತ್ತುತ್ತಿತ್ತು. ಈಗ ಗಾಡಿ ತೊಳೆಯುವಾಗ ಪ್ರೆಶರ್ ಪಂಪಿನ ನೀರನ್ನು ಬೂಟ್ ಇರುವ ಕಡೆ ನೇರ ಬಿಡುವುದಿಲ್ಲ. ತೊಳೆದ ಮೇಲೆ ಬ್ರೇಕ್ ಮೆಲ್ಲಗೆ ಒತ್ತುತ್ತಾ ಸ್ವಲ್ಪ ದೂರ ಓಡಿಸಿ, ಒಳಗಿನ ತೇವ ಆರಿಸಿಯೇ ಶೆಡ್ಡಿಗೆ ಬಿಡುತ್ತೇನೆ.